ಬಾಗಿಲ ಹಿಂದಿನ ನೀಲಿ ಚೀಲ

“ದೆಸಾ... ಅಮ್ಮನ ಫೋಟೋ ಕಂಬದ ಮೇಲಿದೆ.”

ಫೋನಿನಲ್ಲಿ ಗಂಡನ ದನಿ ಕೇಳಿ ದೆಸಾಂಕಾ ಎದ್ದು ಕೂತಳು. ಹೊತ್ತು ಏರಿದ್ದರೂ ಅವಳಿನ್ನೂ ಹಾಸಿಗೆಯಲ್ಲೇ ಇದ್ದಳು.

“ಯಾವ ಕಂಬ? ಏನು ಹೇಳ್ತಿದೀಯ ಒಬ್ರೆನ್?”

“ನಮ್ಮೂರ ಸ್ಟಾಪಿನ ಕಂಬ. ಬಸ್ ನಿಲ್ಲಿಸಿದೆ... ಕಪ್ಪು ಅಂಚಿನ ಕಾಗದ ಅಂಟಿಸಿದಾರೆ. ಅಂಟು ಇನ್ನೂ ಹಸಿ ಇದೆ ಕಣೇ!”

ಆಮೇಲೆ ಬಸ್ಸಿನೊಳಗೆ ಯಾರೋ ಹೆಂಗಸು, “ಡ್ರೈವರಿಗೆ ನೀರು ಕೊಡ್ರಪ್ಪಾ!” ಎಂದದ್ದಷ್ಟೇ ಕೇಳಿಸಿತು.

ಮೊರಾವಾ ನದಿಯ ಕಣಿವೆಯಲ್ಲಿ ಬಸ್ಸು ಓಡಿಸುತ್ತಲೇ ಕೂದಲು ನೆರೆಸಿಕೊಂಡವನು ಒಬ್ರೆನ್. ಊರಲ್ಲಿ ಯಾರೇ ಸತ್ತರೂ ಸುದ್ದಿ ಅಂಟಿಸುವ ಆ ಕಂಬದ ಮೇಲೆ ಎಷ್ಟೋ ಜನರ ಸಾವನ್ನು ಅವನು ಓದಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಮುಂದೆ ಹೋಗಿದ್ದ. ಈಗ ಹೆತ್ತ ತಾಯಿಯ ಸಾವನ್ನೂ ದಾರಿಹೋಕನಂತೆ ಓದಬೇಕಾಗಿ ಬಂತು.

ಮಧ್ಯಾಹ್ನ ಗಂಡ ಹೆಂಡತಿ ಹಳ್ಳಿಯಲ್ಲಿ ತಾಯಿಯ ಮನೆ ತಲುಪಿದಾಗ, ಒಬ್ರೆನನ ತಂಗಿ ರುಜಿತ್ಸಾ ಕಪ್ಪು ಬಟ್ಟೆಯಲ್ಲಿ ಗೇಟಿಗೆ ಅಡ್ಡವಾಗಿ ನಿಂತಿದ್ದಳು.

“ಈಗ ಬಂದ್ಯಾ ಅಣ್ಣಾ? ಅಮ್ಮ ರಾತ್ರಿಯೆಲ್ಲಾ ಬಾಗಿಲು ನೋಡ್ತಾ ನೋಡ್ತಾನೇ ಹೋದ್ಳು!”

“ನನಗೆ ಯಾರು ಹೇಳಿದ್ರು ರುಜಾ? ಕಂಬ ಹೇಳ್ತು!”

“ನಿನ್ನ ಫೋನು ಹತ್ತಲಿಲ್ಲ. ನಿನ್ನೆ ಮನೆ ಫೋನಿಗೆ ಮಾಡಿದೆ. ಅತ್ತಿಗೆನೇ ಎತ್ಕೊಂಡಿದ್ದು! ಅಮ್ಮನಿಗೆ ಜಾಸ್ತಿಯಾಗಿದೆ, ಅಣ್ಣನ್ನ ಕರ್ಕೊಂಡು ಬಾ ಅಂದೆ. ‘ನಿನ್ನ ಕೈಯ ಚೆರ್ರಿ ಪಾಕ ಕೇಳ್ತಿದಾಳೆ, ಒಂದು ಬಾಟ್ಲಿ ತಾ ಅತ್ತಿಗೆ’ ಅಂತಾನೂ ಹೇಳ್ದೆ. ‘ಅವನು ಬಂದ ಕೂಡ್ಲೇ ಹೊರಡ್ತೀವಿ’ ಅಂದ್ಳು!”

ಒಬ್ರೆನ್ ಹೆಂಡತಿಯ ಕಡೆ ತಿರುಗಿದ.

ದೆಸಾಂಕಾ ನೆನಪನ್ನೆಲ್ಲ ತಡಕಾಡಿದಳು. ನಿನ್ನೆ... ಮಲಗಿದ್ದೆ. ಎದ್ದಾಗ ಕತ್ತಲಾಗಿತ್ತು. ಫೋನು? ಇಲ್ಲ. ಇಲ್ಲವೇ ಇಲ್ಲ!

“ದೇವರಾಣೆ, ನನಗೆ ಯಾವ ಫೋನೂ ಬರಲಿಲ್ಲ.”

“ಸತ್ತವಳ ಮನೆ ಬಾಗಿಲಲ್ಲಿ ನಿಂತು ಸುಳ್ಳಾಣೆ ಇಡ್ತೀಯಲ್ಲ, ನಾಚಿಕೆ ಆಗಲ್ವಾ!”

“ಬಾಯಿ ಮುಚ್ಚು ರುಜಾ!” ಒಬ್ರೆನ್ ಗುಡುಗಿದ. “ಸಾವಿನ ದವಡೆಯಿಂದ ಎದ್ದು ಬಂದವಳ ಮೇಲೆ ಗೂಬೆ ಕೂರಿಸ್ತೀಯಾ? ಮಣ್ಣಾದ ಮೇಲೆ ನಿನಗೂ ನನಗೂ ಮಾತಿಲ್ಲ. ನಲವತ್ತನೇ ದಿನದ ಪ್ರಾರ್ಥನೆ ನಾನೇ ಮಾಡಿಸ್ತೀನಿ. ನೀನು ಬರೋದು ಬೇಡ!”

ಒಡಹುಟ್ಟಿದವರು ಹಾಗೆ ಬೇರೆಯಾದರು.

ದೆಸಾಂಕಾಳಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು. ಆಪರೇಷನ್, ಆಮೇಲೆ ತಿಂಗಳುಗಟ್ಟಲೆ ಕೀಮೋ. ವಸಂತದಲ್ಲಿ ವೈದ್ಯೆ “ಏನೂ ಉಳಿದಿಲ್ಲ” ಎಂದ ದಿನ ಒಬ್ರೆನ್ ಕುರಿಮರಿ ಸುಟ್ಟು ಬೀದಿಗೆಲ್ಲ ಊಟ ಹಾಕಿದ್ದ. “ಗೆದ್ದುಬಿಟ್ಟೆ ಮುದುಕಿ!” ಎಂದು ಎಲ್ಲರೆದುರೇ ಮುದ್ದಿಟ್ಟಿದ್ದ.

ಆ ಸಂತೋಷದ ಎದುರು ಅವಳು ಹೇಗೆ ಹೇಳಿಯಾಳು? ಒಂದು ಬಕೆಟ್ ಬಟ್ಟೆ ಒಣಹಾಕಿದರೆ ಕಾಲು ಸೀಸವಾಗುತ್ತದೆ, ಎಷ್ಟು ಮಲಗಿದರೂ ಸುಸ್ತು ಹೋಗುವುದಿಲ್ಲ ಎಂದು? ಪಕ್ಕದ ಮನೆಯವಳ ಹೆಸರು ನಾಲಿಗೆಗೆ ಬರುವುದಿಲ್ಲ, ತಲೆಯೊಳಗೆ ನದಿಯ ಮಂಜು ಹೊಕ್ಕಂತಿದೆ ಎಂದು? ವೈದ್ಯೆ ಕೇಳಿದಾಗಲೂ “ಚೆನ್ನಾಗಿದ್ದೀನಿ” ಎಂದೇ ಬಂದಿದ್ದಳು.

ನಲವತ್ತನೆಯ ದಿನ ಹತ್ತಿರವಾಯಿತು. ಸತ್ತವರಿಗಾಗಿ ಬೇಯಿಸುವ ಗೋಧಿಗೆ ಅಕ್ರೋಟು ಬೇಕಿತ್ತು. ದೆಸಾಂಕಾ ಉಗ್ರಾಣಕ್ಕೆ ಹೋಗಿ ಬಾಗಿಲನ್ನು ಎಳೆದಳು. ಅದರ ಹಿಂದೆ ಒಂದು ನೀಲಿ ಚೀಲ.

ಒಬ್ರೆನನ ಬಿಳಿ ಅಂಗಿ, ಇಸ್ತ್ರಿ ಮಾಡಿದ್ದು. ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡು, ಹಸಿರು ಬೂಸ್ಟು ಹಿಡಿದಿದೆ. ಅದರ ಕೆಳಗೆ... ಚೆರ್ರಿ ಪಾಕದ ಬಾಟಲಿ!

ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು.

ಫೋನು ಬಂದಿತ್ತು. ತಾನೇ ಮಾತಾಡಿದ್ದಳು. ತಾನೇ ಚೀಲ ಕಟ್ಟಿದ್ದಳು. ಒಂದು ಗಳಿಗೆ ಬೆನ್ನು ಚಾಚೋಣವೆಂದು ಮಲಗಿದವಳ ತಲೆಯಿಂದ ಎಲ್ಲವೂ ಅಳಿಸಿಹೋಗಿತ್ತು. ಈಗ ಚೀಲ ಕೈಯಲ್ಲಿದ್ದರೂ ಆ ಮಾತಿನ ಒಂದಕ್ಷರ ನೆನಪಿಲ್ಲ!

‘ನಾನು ಸುಳ್ಳಾಣೆ ಇಟ್ಟೆ. ಮಗನಿಂದ ತಾಯಿಯ ಕೊನೆ ನೋಟ ಕಿತ್ತುಕೊಂಡೆ. ಅಣ್ಣನಿಂದ ತಂಗಿಯನ್ನೂ...’

ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಚೀಲವನ್ನು ಅದಕ್ಕೆ ಹಾಕಿದರೆ ಯಾರಿಗೂ ತಿಳಿಯದು. ಹೇಳಿದರೆ ಒಬ್ರೆನ್ ಇನ್ನೆಂದಾದರೂ ತನ್ನ ಮುಖ ನೋಡಿಯಾನೇ?

ಅವಳು ಚೀಲವನ್ನು ಎದೆಗೊತ್ತಿಕೊಂಡು ಬಹಳ ಹೊತ್ತು ಕೂತಳು. ಆಮೇಲೆ ಎದ್ದು, ಅದನ್ನು ಊಟದ ಮೇಜಿನ ಮೇಲಿಟ್ಟಳು.

ಊಟಕ್ಕೆ ಬಂದ ಒಬ್ರೆನ್ ನಕ್ಕ. “ಏನಿದು, ನನ್ನನ್ನ ಮನೆಯಿಂದ ಓಡಿಸ್ತಿದೀಯಾ?”

“ತೆಗೆದು ನೋಡು.”

ಅವನು ಅಂಗಿ ತೆಗೆದ. ಬ್ರೆಡ್ಡು ತೆಗೆದ. ಬಾಟಲಿ ಕೈಗೆ ಬಂದಾಗ ಅವನ ನಗು ಆರಿತು.

“ರುಜಿತ್ಸಾ ಸುಳ್ಳು ಹೇಳಲಿಲ್ಲ ಒಬ್ರೆನ್. ನಾನೇ ಫೋನ್ ಎತ್ತಿದ್ದೆ. ಮರೆತೆ... ಮರೆತಿದ್ದೀನಿ ಅನ್ನೋದನ್ನೂ ಮರೆತೆ! ನನ್ನ ತಲೆ ಮೊದಲಿನ ಹಾಗಿಲ್ಲ. ಮೈಯೂ ಇಲ್ಲ. ನಿನ್ನ ಖುಷಿ ಕೆಡಿಸಬಾರದು ಅಂತ ಮುಚ್ಚಿಟ್ಟೆ. ನನ್ನನ್ನ ಬಯ್ಯಿ, ಹೊಡಿ... ಏನಾದ್ರೂ ಮಾತಾಡು!”

ಅವನು ಎದ್ದು ಅಂಗಳಕ್ಕೆ ಹೋದ. ಹುರುಳಿಕಾಯಿ ಬೀಜದ ಸಾರು ತಟ್ಟೆಯಲ್ಲೇ ಆರಿ ಕೆನೆಗಟ್ಟಿತು.

ನನ್ನನ್ನು ಬಿಟ್ಟು ಹೋದ... ಎಂದುಕೊಂಡಳು ದೆಸಾಂಕಾ.

ಬಾಗಿಲಾಚೆ ಅವನ ದನಿ ಕೇಳಿಸಿತು. “ರುಜಾ... ಫೋನಿಡಬೇಡ. ತಪ್ಪು ನಮ್ಮದು. ನಾನು ಮೃಗದ ಹಾಗೆ ಆಡಿದೆ...”

ಒಳಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು.

“ಸುಳ್ಳು ಹೇಳಲ್ಲ ದೆಸಾ. ಹೊಟ್ಟೆ ಉರೀತಿದೆ. ಅಮ್ಮ ಬಾಗಿಲು ನೋಡ್ತಾ ಹೋದ್ಳು ಅನ್ನೋದು ನಾನು ಸಾಯೋವರೆಗೂ ಉರಿಯುತ್ತೆ.”

ಅವಳು ತಲೆ ತಗ್ಗಿಸಿದಳು.

“ಆದ್ರೆ ನನಗೆ ಕಾಣ್ತಿರಲಿಲ್ವಾ? ನೀನು ಕಾಫಿಗೆ ಉಪ್ಪು ಹಾಕಿ ಕೊಟ್ಟೆ, ನಾನು ನಕ್ಕೆ. ನೀನು ಕೇಳಿದ್ದನ್ನೇ ಮತ್ತೆ ಕೇಳಿದೆ, ನಾನು ‘ಕಿವುಡಿ’ ಅಂತ ರೇಗಿಸಿದೆ. ಕಾಯಿಲೆ ಮುಗೀತು ಅಂತ ನಂಬ್ಕೊಂಡು ಕುರಿ ಸುಟ್ಟವನು ನಾನು. ನಿನ್ನನ್ನ ಸರಿಯಾಗಿ ನೋಡೋಕೆ ನನಗೆ ಭಯ ಇತ್ತು ಕಣೇ...”

“ಒಬ್ರೆನ್...”

“ನಾಳೆ ಡಾಕ್ಟರ ಹತ್ತಿರ ಹೋಗೋಣ. ಈ ಸಲ ‘ಚೆನ್ನಾಗಿದ್ದೀನಿ’ ಅಂದ್ರೆ ನಿನ್ನ ಬಾಯಿಗೆ ಸಾಕ್ಸ್ ತುರುಕ್ತೀನಿ!”

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

ವೈದ್ಯೆ ಎಲ್ಲವನ್ನೂ ಕೇಳಿ, “ಇದು ಸೋಮಾರಿತನ ಅಲ್ಲಮ್ಮ, ಹುಚ್ಚೂ ಅಲ್ಲ. ಚಿಕಿತ್ಸೆ ಮುಗಿದ ಮೇಲೂ ಈ ಸುಸ್ತು, ಈ ಮರೆವು ಕೆಲವರಲ್ಲಿ ಬಹಳ ಕಾಲ ಉಳಿಯುತ್ತೆ. ಒಬ್ಬರೇ ಹೊರಬೇಡಿ” ಎಂದಳು.

ನಲವತ್ತನೆಯ ದಿನ ಬೆಟ್ಟದ ಮೇಲಿನ ಸ್ಮಶಾನಕ್ಕೆ ಎಲ್ಲರೂ ಬಂದರು. ಪಾದ್ರಿಗಳು ಧೂಪ ಹಾಕಿ ಪ್ರಾರ್ಥನೆ ಹೇಳಿದರು. ನಿಂತು ನಿಂತು ದೆಸಾಂಕಾಳ ಕಾಲು ನಡುಗಿ, ಅವಳು ಪಕ್ಕದ ಬೆಂಚಿನ ಮೇಲೆ ಕುಳಿತುಬಿಟ್ಟಳು. ಹಿಂದೆ ಯಾರೋ ಪಿಸುಗುಟ್ಟಿದರು.

ರುಜಿತ್ಸಾ ಗೋಧಿಯ ಪಾತ್ರೆ ಹಿಡಿದು ನೇರ ಅವಳೆಡೆಗೆ ಬಂದಳು. ದೆಸಾಂಕಾ ಏಳಲು ಹೋದಳು.

“ಕೂತ್ಕೋ ಅತ್ತಿಗೆ.”

“ರುಜಾ, ನನ್ನನ್ನ ಕ್ಷಮಿಸು. ದೇವರ ಹೆಸರಲ್ಲಿ ಆಣೆ ಇಟ್ಟು ನಿನ್ನನ್ನ ಸುಳ್ಳಿ ಮಾಡಿದೆ...”

“ನಾನೂ ಕಡಿಮೆ ಬೈದಿಲ್ಲ ಬಿಡು. ಅಮ್ಮ ಇದ್ದಿದ್ರೆ ನನ್ನನ್ನೇ ಬೈತಿದ್ಳು. ‘ಇನ್ನೊಂದು ಸಲ ಫೋನ್ ಮಾಡೋಕೆ ನಿನ್ನ ಕೈಗೇನಾಗಿತ್ತೇ ಕತ್ತೆ’ ಅಂತ!” ಎಂದು ರುಜಿತ್ಸಾ ಕಣ್ಣೊರೆಸಿಕೊಂಡು, ಮೊದಲ ಚಮಚವನ್ನು ಅವಳಿಗೇ ಕೊಟ್ಟಳು.

ಒಬ್ರೆನ್ ಬಂದು ಹೆಂಡತಿಯ ಪಕ್ಕ ಕುಳಿತ.

“ನಾಳೆ ಇದನ್ನೂ ಮರೆತುಬಿಟ್ರೆ?” ಅವಳು ಮೆಲ್ಲಗೆ ಕೇಳಿದಳು.

“ನಾನು ಹೇಳ್ತೀನಿ.”

“ನಾಡಿದ್ದು ಮತ್ತೆ ಕೇಳಿದ್ರೆ?”

“ಮತ್ತೆ ಹೇಳ್ತೀನಿ ಮುದುಕಿ. ಡ್ರೈವರ್ ಅಲ್ವಾ, ಅದೇ ದಾರಿ ದಿನಾ ಹೋಗಿ ಅಭ್ಯಾಸ ಇದೆ ನನಗೆ.”

ಅವಳು ಅವನ ಕೈ ಹಿಡಿದುಕೊಂಡಳು. ಗೋಧಿ ಬಾಯಿಗಿಡುವ ಮುನ್ನ ಸತ್ತವರಿಗಾಗಿ ದೇವರಲ್ಲಿ ಕ್ಷಮೆ ಬೇಡುವುದು ಅಲ್ಲಿಯವರ ವಾಡಿಕೆ. ಕ್ಷಮೆ ಬೇಕಾದದ್ದು ಸತ್ತವಳಿಗಲ್ಲ, ತನಗೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಶಿಲುಬೆಯ ಗುರುತು ಮಾಡಿಕೊಂಡು, ಅತ್ತೆಯ ಸಮಾಧಿಯ ಹಸಿ ಮಣ್ಣನ್ನು ನೋಡುತ್ತ ಹೇಳಿದಳು:

“ದೇವರೇ, ನಿನ್ನ ದಾಸಿ ಸ್ತಾನಿಯಾಳ ಆತ್ಮವನ್ನು ಕ್ಷಮಿಸು. ನೋವಿಲ್ಲದ, ದುಃಖವಿಲ್ಲದ, ಯಾರಿಗಾಗಿಯೂ ಕಾಯಬೇಕಿಲ್ಲದ ಜಾಗದಲ್ಲಿ ಅವಳಿಗೆ ಶಾಂತಿ ಕೊಡು.”