ಕನಿಷ್ಠ ಅರವತ್ತಾರು

"ಇದು ಅರವತ್ತಾರಲ್ಲ. ಅರವತ್ತೈದು."

ನಮ್ಮ ಹಳೇ ನಾಣ್ಯದ ಅಂಗಡಿಗೆ ಕಾಲಿಟ್ಟು, ಕೊಟ್ಟ ನೀರನ್ನು ಇನ್ನೂ ಬಾಯಿಗಿಡುವ ಮೊದಲೇ ಅವನು ಆಡಿದ ಮಾತು ಇದು. ಅದೂ ಯಾವ ನಾಣ್ಯದ ಬಗ್ಗೆ? ಅಪ್ಪ ಜೀವದಂತೆ ಕಾಪಾಡಿಕೊಂಡು ಬಂದ, ರಾಣಿಯ ಮುಖವಿರುವ ಬೆಳ್ಳಿ ನಾಣ್ಯದ, ನಮ್ಮ 'ರಾಣಿ'ಯ ಬಗ್ಗೆ! ಸದ್ಯ, ಅಪ್ಪ ಒಳಗೆ ಫೋನಿನಲ್ಲಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

"ನಿಮ್ಮನ್ನ ಕರೆಸಿರೋದು ಡಬ್ಬಿ ಒಡೆಯೋಕೆ. ಗ್ರೇಡ್ ಹೇಳೋಕಲ್ಲ," ಎಂದೆ.

"ಸರಿ ಮೇಡಂ," ಎಂದು ನೀರು ಕುಡಿದು ಲೋಟ ಕೆಳಗಿಟ್ಟ. "ಆದ್ರೂ ಅರವತ್ತೈದೇ."

ಎಲಾ ಇವನ! ಮುಖ ನೋಡಿದರೆ ಬಾಯಲ್ಲಿ ಬೆಟ್ಟಿಟ್ಟರೂ ಕಚ್ಚದವನ ಹಾಗಿದ್ದ.

ಹಳೇ ನಾಣ್ಯಗಳನ್ನು ಪರೀಕ್ಷಿಸಿ, ಎಪ್ಪತ್ತಕ್ಕೆ ಇಷ್ಟು ಎಂದು ಗ್ರೇಡ್ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಕೊಡುವ ಕಂಪನಿಗಳಿವೆ. ನಮ್ಮ ರಾಣಿ ಕೂತಿದ್ದದ್ದು ಎಂದೋ ಬಾಗಿಲು ಮುಚ್ಚಿದ ಒಂದು ಸಣ್ಣ ಕಂಪನಿಯ ಡಬ್ಬಿಯಲ್ಲಿ. ಮೇಲೆ ಅರವತ್ತಾರು ಎಂದಿತ್ತು. ಎಲ್ಲರೂ ನಂಬುವ ದೊಡ್ಡ ಕಂಪನಿಯ ಡಬ್ಬಿಗೆ ಅವಳನ್ನು ದಾಟಿಸಬೇಕು ಎನ್ನುವುದು ಅಪ್ಪನ ಆಸೆ. ಹಳೇ ಡಬ್ಬಿಯ ಸಮೇತವೇ ಅಲ್ಲಿಗೆ ಕಳಿಸಬಹುದು. ಇಷ್ಟಕ್ಕಿಂತ ಕಡಿಮೆ ಕೊಡುವುದಾದರೆ ಒಡೆಯಬೇಡಿ, ಹಾಗೇ ವಾಪಸ್ ಕಳಿಸಿ ಎಂದು ಒಂದು ಕನಿಷ್ಠ ಗ್ರೇಡನ್ನೂ ಹೇಳಬಹುದು. ಅಪ್ಪ ಪ್ರತಿಸಲ 'ಕನಿಷ್ಠ ಅರವತ್ತಾರು' ಎಂದರು. ರಾಣಿ ಪ್ರತಿಸಲ ಬಂದ ದಾರಿಗೆ ಸುಂಕವಿಲ್ಲ ಎಂದು ತವರಿಗೆ ಮರಳಿದಳು.

"ಅವರಿಗೆ ಡಬ್ಬಿ ಕಾಣುತ್ತೆ, ನಾಣ್ಯ ಕಾಣಲ್ಲ," ಎಂದು ಅಪ್ಪ ಸಿಡಿದರು. ಹಾಗಾಗಿ ಡಬ್ಬಿ ಒಡೆದು ಬರೀ ನಾಣ್ಯವನ್ನೇ ಕಳಿಸುವುದು ಎಂದಾಯಿತು. ಒಡೆದರೆ ಹಳೇ ಗ್ರೇಡ್ ಅಲ್ಲಿಗೆ ಮುಗಿಯಿತು, ಹೊಸಬರು ಕೊಟ್ಟಿದ್ದೇ ಕೊನೆ. ಅಪ್ಪನ ಕಣ್ಣಿಗೆ ಈ ವ್ಯಾಪಾರದಲ್ಲಿ ದೊಡ್ಡ ಹೆಸರು. ಆ ಹೆಸರೆಲ್ಲ ಈಗ ಒಂದು ರಾಣಿಯ ಕೆನ್ನೆಯ ಮೇಲೆ ನಿಂತಿತ್ತು.

"ಹೆತ್ತವರಿಗೆ ಹೆಗ್ಗಣ ಮುದ್ದು," ಎನ್ನುತ್ತಿದ್ದಳು ಅತ್ತೆ. ಅಪ್ಪನ ಅಕ್ಕ ಅವಳು, ಅಂಗಡಿಯ ಹಿಂದಿನ ಮನೆಯಲ್ಲಿ ನಮ್ಮ ಜೊತೆಗೇ ಇರುವವಳು. ಅವಳ ಬಾಯಿಂದ ನನಗೂ ಬಿಡುಗಡೆಯಿಲ್ಲ. "ನೀನೂ ಅಪ್ಪನ ಮಗಳೇ ಕಣೇ. ಬಂದ ಗಂಡುಗಳನ್ನೆಲ್ಲ ಹಾಗೇ ವಾಪಸ್ ಕಳಿಸ್ತೀಯ."

ರಾಣಿಯ ಜೊತೆಗೆ ಒಬ್ಬ ಗಿರಾಕಿಯ ನಾಣ್ಯಗಳ ರಾಶಿಗೂ ಡಬ್ಬಿ ಬದಲಿಸಬೇಕಿತ್ತು. ಅಪ್ಪ ಅವನಿಗೆ ಮೊದಲು ಆ ಕೆಲಸ ಮುಗಿಸು ಎಂದರು. ಹೀಗಾಗಿ ಡಬ್ಬಿ ಡಾಕ್ಟರ್ (ಮಾರ್ಕೆಟ್ಟಿನಲ್ಲಿ ಅವನನ್ನು ಹಾಗೇ ಕರೆಯುತ್ತಾರೆ) ದಿನಾ ಬಂದು ಕಿಟಕಿಯ ಪಕ್ಕದ ಮೇಜಿಗೆ ಕೂರತೊಡಗಿದ.

ತಪ್ಪು ಹಿಡಿಯೋಣ ಎಂದು ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಅಲ್ಲೇ ಕೆಟ್ಟೆ. ಡಬ್ಬಿಗೆ ಟವೆಲ್ ಸುತ್ತಿ, ಮೂಲೆಗೆ ಕಟಿಂಗ್ ಪ್ಲೇಯರ್ ಕಚ್ಚಿಸಿ, ಹದವಾಗಿ ಒತ್ತುತ್ತಿದ್ದ. ಟಕ್. ತಿರುಗಿಸಿ ಇನ್ನೊಂದು ಮೂಲೆ. ಟಕ್. ಆಮೇಲೆ ಮಲಗಿದ ಮಗುವಿನ ಹೊದಿಕೆ ಸರಿಸುವವನ ಹಾಗೆ ಮೇಲಿನ ಪ್ಲಾಸ್ಟಿಕ್ ಎತ್ತಿ, ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿದು ಬಟ್ಟೆಯ ಮೇಲಿಡುತ್ತಿದ್ದ. ಅಷ್ಟು ಚೆಂದದ ಬೆರಳುಗಳು ಗಂಡಸರಿಗೂ ಇರುತ್ತವೆ ಎಂದು ನನಗೆ ಗೊತ್ತಿರಲಿಲ್ಲ.

"ಇಷ್ಟು ಹತ್ತಿರ ಬಂದು ಉಸಿರಾಡಬೇಡಿ," ಎಂದ ಒಂದು ದಿನ, ತಲೆಯೆತ್ತದೆ.

"ಯಾಕ್ರೀ? ನನ್ನ ಉಸಿರಿಗೂ ಗ್ರೇಡ್ ಕೊಡ್ತೀರಾ?"

"ತೇವಕ್ಕೆ ನಾಣ್ಯದ ಮೇಲೆ ಕಲೆ ಬೀಳುತ್ತೆ." ಪ್ಲೇಯರ್ ಕೆಳಗಿಟ್ಟ. "ನನಗೆ ಕೈ ನಡುಗುತ್ತೆ."

ನಾನು ಹಿಂದೆ ಸರಿದೆ. ಸರಿದೆ ಎಂದರೆ, ಒಂದೇ ಒಂದು ಅಂಗುಲ. ಅವನ ಕಿವಿ ಕೆಂಪಾಗಿತ್ತು.

ಕೆಲವು ಡಬ್ಬಿಗಳನ್ನು ಅವನು ಮುಟ್ಟದೆ ಪಕ್ಕಕ್ಕಿಡುತ್ತಿದ್ದ. "ಇದು ಇಲ್ಲೇ ಚೆನ್ನಾಗಿದೆ. ಒಡೆದ್ರೆ ಗ್ರೇಡ್ ಬೀಳುತ್ತೆ, ಗಿರಾಕಿಗೆ ಸುಮ್ನೆ ನಷ್ಟ." ಒಡೆದಷ್ಟಕ್ಕೂ ಅವನಿಗೆ ಕೂಲಿ. ಆದರೂ ಬೇಡ ಎಂದರೆ ಬೇಡ. ಕಡ್ಡಿ ಮುರಿದಂತೆ ಹೇಳುವ ಆ ಬಾಯಿಯ ಮೇಲಿದ್ದ ಸಿಟ್ಟು ಯಾವಾಗ ಮೆಚ್ಚುಗೆಯಾಯಿತೋ, ಮೆಚ್ಚುಗೆ ಯಾವಾಗ ಇನ್ನೇನೋ ಆಯಿತೋ, ದೇವರೇ ಬಲ್ಲ.

"ಆವತ್ತು ಅರವತ್ತೈದು ಅಂದ್ರಲ್ಲ, ತೋರಿಸಿ ನೋಡೋಣ," ಎಂದು ಕೊನೆಗೆ ರಾಣಿಯನ್ನು ಅವನ ಮುಂದಿಟ್ಟೆ.

ಭೂತಗನ್ನಡಿ ನನ್ನ ಕೈಗಿತ್ತು, ಡಬ್ಬಿಯನ್ನು ದೀಪದ ಕೆಳಗೆ ಮೆಲ್ಲಗೆ ಓರೆ ಮಾಡಿದ. "ಕೆನ್ನೆ ಮೇಲೆ ಗೀರು ಕಾಣ್ತಿದೆಯಾ? ಈಗ ನೋಡಿ. ರಾಣಿ ತಿರುಗಿದಾಗ ಜೊತೆಗೇ ತಿರುಗಿದ್ರೆ ಅವಳದು. ಜಾರಿ ಪಕ್ಕಕ್ಕೆ ಹೋದ್ರೆ ಡಬ್ಬಿದು."

ಗೀರು ಜಾರಿತು. "ನೋಡಿದ್ರಾ! ಡಬ್ಬಿದು!" ಎಂದು ಕುಣಿದೆ.

"ಅದು ಡಬ್ಬಿದು. ಅದರ ಕೆಳಗೆ ಅಡಗಿಕೊಂಡಿರೋದು?"

ಕೂದಲೆಳೆಯಷ್ಟು ಸಣ್ಣದು ಇನ್ನೊಂದಿತ್ತು. ಅದು ಜಾರಲಿಲ್ಲ. ರಾಣಿಯ ಜೊತೆಗೇ ತಿರುಗಿತು. ನಾನು ಭೂತಗನ್ನಡಿ ಕೆಳಗಿಟ್ಟೆ.

ಗಿರಾಕಿಯ ಕೆಲಸ ಮುಗಿದ ದಿನ ಅಪ್ಪ ಹೊಸ ಶರ್ಟ್ ಹಾಕಿಕೊಂಡು ಬಂದರು. "ಇನ್ನೇನಪ್ಪ, ನಮ್ಮ ರಾಣೀದು ಒಡೆದುಬಿಡು."

"ಆಗಲ್ಲ ಸರ್. ಬೇರೆ ಯಾರಿಗಾದ್ರೂ ಹೇಳಿ," ಎಂದವನೇ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ. ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

"ನಿಲ್ರೀ! ಏನಿದು, ಕೈಕೊಟ್ಟು ಹೋಗೋದು?"

ಮೆಟ್ಟಿಲ ಕೆಳಗೆ ನಿಂತ. ತನ್ನ ಚಪ್ಪಲಿ ನೋಡುತ್ತಲೇ ಹೇಳಿದ, "ಒಡೆದ್ರೆ ಆ ಗೀರು ಬಟಾಬಯಲಾಗುತ್ತೆ. ನಿಮ್ಮಪ್ಪನ ಮುಖ ಬಾಡುತ್ತೆ. ಆ ಮುಖ ಬಾಡಿಸಿದವನು ಯಾವ ಬಾಯಲ್ಲಿ ಅವರ ಮಗಳನ್ನ ಕೇಳಲಿ?"

ಬೀದಿಯಲ್ಲಿ ಬಸ್ಸು, ಸ್ಕೂಟರು ಎಲ್ಲ ಓಡಾಡುತ್ತಿದ್ದವಂತೆ. ನನಗೊಂದೂ ಕೇಳಿಸಲಿಲ್ಲ.

"ಹಾಗಾದ್ರೆ ಅಪ್ಪನಿಗೆ 'ಅರವತ್ತಾರೇ ಸರ್, ಒಡೆಯೋದೇ ಬೇಡ' ಅಂದುಬಿಡಿ. ಅಪ್ಪ ಖುಷಿಯಾಗಿರ್ತಾರೆ," ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

"ಸುಳ್ಳು ಹೇಳಿ ನಿಮ್ಮನ್ನ ಕರ್ಕೊಂಡು ಹೋಗ್ಲಾ?" ಮೊದಲ ಸಲ ನೇರವಾಗಿ ನನ್ನ ಕಣ್ಣು ನೋಡಿದ. "ಆಮೇಲೆ ದಿನಾ ಬೆಳಗ್ಗೆ ಎದ್ದು ನಿಮ್ಮ ಮುಖ ಹೇಗೆ ನೋಡ್ಲಿ?"

ಅಯ್ಯೋ, ಇವನನ್ನು ಕೈಬಿಟ್ಟರೆ ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ ಅನ್ನಿಸಿತು. "ಓಡಿ ಹೋದ್ರೆ ನಿಮ್ಮ ನಿಜಾನೂ ಹೋಗುತ್ತೆ, ನಾನೂ ಸಿಗಲ್ಲ. ಬನ್ನಿ. ಗೀರಿನ ವಿಷಯ ಹೇಳಿ, ನನ್ನನ್ನೂ ಕೇಳಿ. ಒಡೆಯೋಕೆ ಮುಂಚೆ. ಗ್ರೇಡ್ ಬಂದಮೇಲೆ ಕೇಳಿದ್ರೆ ನಾನು ಒಪ್ಪೋದೇ ಇಲ್ಲ."

ಬಂದ. ಅಪ್ಪನ ಎದುರು ನಿಂತು ಚೀಲ ಕೆಳಗಿಟ್ಟ. "ಸರ್, ನನಗೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡೋಕೆ ಬರಲ್ಲ. ರಾಣಿ ಅರವತ್ತಾರಲ್ಲ, ಅರವತ್ತೈದು. ಕೆನ್ನೆ ಮೇಲೆ ಗೀರಿದೆ. ಇನ್ನೊಂದು, ನಿಮ್ಮ ಮಗಳು ಅಂದ್ರೆ ನನಗೆ ತುಂಬ ಇಷ್ಟ. ಮದುವೆ ಮಾಡ್ಕೊಡಿ."

ಒಳಗೆ ಅತ್ತೆಯ ಕೈಯಿಂದ ಪಾತ್ರೆ ಬಿದ್ದ ಸದ್ದಾಯಿತು. ಅಪ್ಪನ ಮುಖ ಕೆಂಪಗಾಗಿ, ಬಿಳಿಚಿ, ಮತ್ತೆ ಕೆಂಪಾಯಿತು.

"ಒಡಿ," ಎಂದರು, ಅಷ್ಟೇ.

ಟಕ್. ಟಕ್. ಪ್ಲಾಸ್ಟಿಕ್ ಸರಿಯಿತು. ಅಪ್ಪ ರಾಣಿಯನ್ನು ಅಂಚಿನಲ್ಲಿ ಹಿಡಿದು ದೀಪಕ್ಕೆ ಓರೆ ಮಾಡಿದರು. ಮತ್ತೆ ಓರೆ ಮಾಡಿದರು. ಮೂರು ಜನರೂ ಉಸಿರು ಬಿಗಿಹಿಡಿದಿದ್ದೆವು.

"ಅರವತ್ತೈದು," ಎಂದರು ಅಪ್ಪ. ದನಿ ಸಣ್ಣಗಾಗಿತ್ತು. ಅಪ್ಪನನ್ನು ಅಷ್ಟು ಸೋತವರಂತೆ ನಾನು ಎಂದೂ ಕಂಡಿರಲಿಲ್ಲ. ಆಮೇಲೆ ನಿಧಾನವಾಗಿ ಅವನ ಕಡೆ ತಿರುಗಿದರು. "ಮಾರ್ಕೆಟ್ಟಲ್ಲಿ ನನ್ನ ಮುಖ ನೋಡ್ಕೊಂಡು ಎಲ್ಲರೂ ಅರವತ್ತಾರು ಅಂತಲೇ ತಲೆಯಾಡಿಸಿದ್ರು. ಮಗಳನ್ನ ಕೇಳೋಕೆ ಬಂದೂ ನೀನೊಬ್ಬ 'ಅಲ್ಲ' ಅಂದೆಯಲ್ಲೋ! ನಾಳೆ ಇವಳಿಗೂ ಸುಳ್ಳು ಹೇಳಲ್ಲ ನೀನು. ನನ್ನ ಕೇಳಬೇಡ, ಅವಳನ್ನ ಕೇಳು."

ಅವನು ನನ್ನ ಕಡೆ ತಿರುಗಿದ. "ಏನಂತೀರಿ?"

"ಹೂಂ," ಎಂದೆ, ಗಂಟಲಲ್ಲೇ.

"ಕೇಳಿಸಲಿಲ್ಲ ಕಣೇ!" ಒಳಗಿನಿಂದ ಅತ್ತೆ ಕೂಗಿದಳು.

"ಹೂಂ ಅಂದೆ! ನನಗೆ ಇವರೇ ಬೇಕು!"

ಬಾಗಿಲಲ್ಲಿ ನಿಂತಿದ್ದ ಗಿರಾಕಿಯೊಬ್ಬ ಬೆಚ್ಚಿ ಎರಡು ಹೆಜ್ಜೆ ಹಿಂದೆ ಹೋದ. ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವನು ಮಾತ್ರ ನಗುತ್ತ ನಿಂತುಬಿಟ್ಟಿದ್ದ. ಅವನು ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.