ಕುಲುಕುವ ವ್ಯಾನಿನ ಕಾದಂಬರಿ

ಮೊದಲ ನಾಲ್ಕು ದಿನ ನಾನು ಅವಳನ್ನು ಸಾರಿಗೆ ಕಚೇರಿಯ ಇನ್ಸ್‌ಪೆಕ್ಟರ್ ಎಂದೇ ತಿಳಿದಿದ್ದೆ. ತಪ್ಪು ಪೂರ್ತಿ ನನ್ನದಲ್ಲ. ಜುಲೈ ತಿಂಗಳ ಒಂದು ಬೆಳಿಗ್ಗೆ ಕರಾಕೋಲ್ ಬಸ್ ನಿಲ್ದಾಣದಲ್ಲಿ ನನ್ನ ವ್ಯಾನು ಹತ್ತಿ, ನನ್ನ ಪಕ್ಕದ ಸೀಟಿನಲ್ಲಿ ಕೂತು, ಬೆಲ್ಟ್ ಬಿಗಿದುಕೊಂಡು, ಹಸಿರು ರಟ್ಟಿನ ನೋಟ್‌ಬುಕ್ ತೆಗೆದಳು. ನಾನು ದಿನವೂ ಪ್ರಯಾಣಿಕರನ್ನು ಒಯ್ಯುವ ಕಿಜಿಲ್-ಸೂ ರಸ್ತೆಯಲ್ಲಿ ಬೆಲ್ಟ್ ಹಾಕಿಕೊಳ್ಳುವವರು ಎರಡೇ ಜಾತಿ: ಹೊರದೇಶದವರು, ಇಲ್ಲವೇ ಸರ್ಕಾರದವರು. ಇವಳು ಹೊರದೇಶದವಳಂತೂ ಅಲ್ಲ.

ವ್ಯಾನು ಹೊರಟ ಕೂಡಲೇ ಬರೆಯತೊಡಗಿದಳು. ವ್ಯಾನು ನಿಂತರೆ ಪೆನ್ನೂ ನಿಲ್ಲುತ್ತಿತ್ತು. ನಡುನಡುವೆ ತಲೆ ಎತ್ತಿ ಸ್ಟೀರಿಂಗ್ ಮೇಲಿದ್ದ ನನ್ನ ಕೈಗಳನ್ನು ನೋಡುವಳು, ಪೆನ್ನಿನ ಮುಚ್ಚಳ ಕಚ್ಚುವಳು, ಮತ್ತೆ ಬಗ್ಗುವಳು. ಕೊನೆಯ ಊರು ಕಿಜಿಲ್-ಸೂ ಬಂದಾಗ ಇಳಿಯಲೇ ಇಲ್ಲ. ಅದೇ ಸೀಟಿನಲ್ಲಿ ಕೂತು ವಾಪಸ್ ಬಂದಳು. ಬರುವಾಗ ಪೂರ್ತಿ ನನ್ನ ಎದೆ ಢವಢವ ಅನ್ನುತ್ತಿತ್ತು. ಭಯ ಎಂದುಕೊಂಡೆ. ಅರ್ಧ ಭಯವೇ ಆಗಿತ್ತು.

ಮರುದಿನವೂ ಬಂದಳು, ಅದರ ಮರುದಿನವೂ. ನಾನು ಸಿಗರೇಟ್ ಬಿಟ್ಟೆ. ಫೋನ್ ಮುಟ್ಟಲಿಲ್ಲ. ನಿಲ್ದಾಣ ಬಿಟ್ಟು ಬೇರೆಲ್ಲೂ ನಿಲ್ಲಿಸಲಿಲ್ಲ, ಒಬ್ಬರನ್ನೂ ನಿಲ್ಲಿಸಿಕೊಂಡು ಕರೆದೊಯ್ಯಲಿಲ್ಲ. ಇದರಿಂದ ಎಲ್ಲರಿಗಿಂತ ಹೆಚ್ಚು ಸಿಟ್ಟಾದವರು ಕುಲಿಪಾ ಅಜ್ಜಿ. ಕಿಜಿಲ್-ಸೂನಿಂದ ದಿನವೂ ಒಣಮೊಸರಿನ ಉಂಡೆಗಳ ಚೀಲ ಹೊತ್ತು ಕರಾಕೋಲ್ ಸಂತೆಗೆ ಬರುವ ಅಜ್ಜಿಗೆ ಹತ್ತು ವರ್ಷದಿಂದ ನನ್ನ ವ್ಯಾನು ಮನೆಬಾಗಿಲಲ್ಲೇ ನಿಲ್ಲುತ್ತಿತ್ತು. ಈಗ ನಿಲ್ದಾಣದವರೆಗೆ ನಡೆಯಬೇಕಾಗಿ ಬಂದಿತ್ತು. ಐದನೇ ದಿನ ಅವರು ಹಿಂದಿನ ಸೀಟಿನಿಂದ ಮುಂದಕ್ಕೆ ಬಗ್ಗಿ ಅವಳ ಭುಜ ತಟ್ಟಿದರು.

"ಏನಮ್ಮಾ, ಈ ಹುಡುಗನ ಮೇಲೆ ಇನ್ನೂ ಎಷ್ಟು ಪುಟ ಕಂಪ್ಲೇಂಟ್ ಬರೀತೀಯಾ? ಬಡಪಾಯಿ, ಉಸಿರಾಡೋಕೂ ಪರ್ಮಿಷನ್ ಕೇಳೋ ಹಾಗಾಗಿದಾನೆ."

ಅವಳು ಕಕ್ಕಾಬಿಕ್ಕಿಯಾಗಿ ನನ್ನ ಕಡೆ ತಿರುಗಿದಳು. ಆಮೇಲೆ ನಕ್ಕಳು. ನಕ್ಕಾಗ ಅವಳ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ಆ ಗುಳಿಯನ್ನು ನೋಡುತ್ತಾ ರಸ್ತೆಯ ಗುಂಡಿ ನೋಡದೆ ಹೋದೆ. ವ್ಯಾನಿಗೆ ವ್ಯಾನೇ ಎಗರಿಬಿತ್ತು.

"ನಾನು ಇನ್ಸ್‌ಪೆಕ್ಟರ್ ಅಲ್ಲ. ಕಾದಂಬರಿ ಬರೀತಿದೀನಿ," ಎಂದಳು.

ಹೆಸರು ಬೆಗಾಯಿಮ್. ಕರಾಕೋಲ್‌ನ ಶಾಲೆಯೊಂದರಲ್ಲಿ ಭೂಗೋಳದ ಟೀಚರ್. ಇದಕ್ಕೂ ಮೊದಲು ಐದು ಕಾದಂಬರಿ ಶುರು ಮಾಡಿದ್ದಳಂತೆ, ಐದೂ ಅರವತ್ತನೇ ಪುಟದ ಆಸುಪಾಸಿನಲ್ಲಿ ನಿಂತವಂತೆ. ಮನೆಯಲ್ಲಿ ಮೇಜಿನ ಮುಂದೆ ಕೂತರೆ ನಿನ್ನೆ ಬರೆದದ್ದನ್ನು ಓದುತ್ತಾಳೆ, ಓದಿದರೆ ತಿದ್ದುತ್ತಾಳೆ, ತಿದ್ದತೊಡಗಿದರೆ ಮೊದಲ ಅಧ್ಯಾಯದಿಂದ ಈಚೆಗೆ ಬರುವುದೇ ಇಲ್ಲ. ಒಂದು ಸಲ ನನ್ನ ವ್ಯಾನಿನಲ್ಲಿ ನೆಂಟರ ಮನೆಗೆ ಹೋಗುವಾಗ ಎರಡು ಪುಟ ಗೀಚಿದಳಂತೆ.

"ನಿಮ್ಮ ಗಾಡಿ ಎಷ್ಟು ಕುಲುಕತ್ತೆ ಅಂದ್ರೆ, ಬರೆದಿದ್ದು ಆಮೇಲೆ ನನಗೇ ಓದೋಕಾಗಲ್ಲ. ಓದೋಕಾಗದೇ ಇದ್ರೆ ತಿದ್ದೋಕೂ ಆಗಲ್ಲ. ಮುಂದಕ್ಕೆ ಹೋಗಲೇಬೇಕು," ಎಂದಳು. ನನ್ನ ಗಾಡಿಯನ್ನು ಅದುವರೆಗೆ ಯಾರೂ ಹೊಗಳಿರಲಿಲ್ಲ.

ಸೆಪ್ಟೆಂಬರ್ ಒಂದಕ್ಕೆ ಶಾಲೆ ಶುರು. ಅಷ್ಟರೊಳಗೆ ಮೊದಲ ಕರಡು ಮುಗಿಯಬೇಕು. ಇದೂ ಅರ್ಧಕ್ಕೆ ನಿಂತರೆ ಇನ್ನು ಪೆನ್ನು ಮುಟ್ಟುವುದಿಲ್ಲ ಎಂದು ತೀರ್ಮಾನ ಮಾಡಿಬಿಟ್ಟಿದ್ದೇನೆ ಎಂದು ಹೇಳುವಾಗ ಅವಳ ಮುಖದಲ್ಲಿ ನಗುವಿರಲಿಲ್ಲ.

ಅಲ್ಲಿಂದ ಮುಂದೆ ನನ್ನ ಬೆಳಗುಗಳೇ ಬೇರೆಯಾದವು. ಅಲಾರಂ ಹೊಡೆಯುವ ಮೊದಲೇ ಎಚ್ಚರ. ದಿನವೂ ಇಸ್ತ್ರಿ ಮಾಡಿದ ಅಂಗಿ. ಅಮ್ಮ ಓರೆಗಣ್ಣಲ್ಲಿ ನೋಡಿದರೂ ಏನೂ ಕೇಳಲಿಲ್ಲ. ವ್ಯಾನಿನವರಿಗೂ ಕತೆಯ ಹುಚ್ಚು ಹಿಡಿಯಿತು. ಕಳುವಾದ ಕುದುರೆಯನ್ನು ಹುಡುಕಿಕೊಂಡು ಒಬ್ಬಳೇ ಬೆಟ್ಟ ದಾಟುವ ಹೆಂಗಸಿನ ಕತೆ ಅದು. ಬೆಗಾಯಿಮ್ ದಿನಕ್ಕೆ ಒಂದೇ ವಾಕ್ಯ ಬಿಟ್ಟುಕೊಡುವಳು. ಕುಲಿಪಾ ಅಜ್ಜಿ ಹತ್ತಿದ ತಕ್ಷಣ ಕೇಳುವುದು ಅದನ್ನೇ, ಕುದುರೆ ಸಿಕ್ಕಿತಾ ಎಂದು. ಸೇಬಿನ ವ್ಯಾಪಾರಿಯೊಬ್ಬ ಕುದುರೆ ಕದ್ದವನು ಹೆಂಗಸಿನ ಮೈದುನನೇ ಎಂದು ಬಾಜಿ ಕಟ್ಟಿದ್ದ.

ಒಂದು ದಿನ ಧೈರ್ಯ ಮಾಡಿ ಕೇಳಿದೆ, ನನ್ನ ಕೈಯನ್ನು ಯಾಕೆ ಅಷ್ಟು ನೋಡುತ್ತೀರಿ ಎಂದು.

"ಕದ್ದಿದೀನಿ," ಎಂದಳು, ನೋಟ್‌ಬುಕ್ಕಿನಿಂದ ತಲೆ ಎತ್ತದೆ. "ಕತೆಯಲ್ಲಿ ಒಬ್ಬ ಕುರಿ ಕಾಯೋನು ಬರ್ತಾನೆ. ಅವನಿಗೆ ನಿಮ್ಮ ಕೈ ಕೊಟ್ಟಿದೀನಿ."

"ಅವನೇನು ಮಾಡ್ತಾನೆ ಆ ಕೈಯಲ್ಲಿ?"

"ಸದ್ಯಕ್ಕೆ ಸುಮ್ನೆ ಇದಾನೆ. ಮುಂದೆ ನೋಡೋಣ."

ಆ "ಮುಂದೆ ನೋಡೋಣ" ಎಂಬ ಮಾತಿನ ಮೇಲೆ ನಾನು ಒಂದು ವಾರ ಬದುಕಿದೆ.

ಪ್ರೀತಿ ಬಂದವನಿಗೆ ಏನಾದರೂ ಕೊಡಬೇಕೆನ್ನಿಸುತ್ತದೆ. ಹೂವು ಕೊಡಲು ನಾಚಿಕೆ. ಅವಳು ಒಂದು ಕೈಯಲ್ಲಿ ನೋಟ್‌ಬುಕ್ ಅದುಮಿಕೊಂಡು, ಇನ್ನೊಂದರಲ್ಲಿ ಪೆನ್ನು ಹಿಡಿದು ಒದ್ದಾಡುವುದನ್ನು ನೋಡಲಾಗದೆ, ಆಗಸ್ಟ್ ಎರಡನೇ ಭಾನುವಾರ ಗ್ಯಾರೇಜಿಗೆ ಹೋಗಿ ನಾಲ್ಕು ಚಕ್ರಕ್ಕೂ ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ನನಗಿಂತ ದೊಡ್ಡ ದಡ್ಡ ನಮ್ಮೂರ ಪಕ್ಕದ ಸರೋವರದ ಸುತ್ತ ಇನ್ನೊಬ್ಬನಿಲ್ಲ.

ಸೋಮವಾರ ವ್ಯಾನು ನೀರಿನ ಮೇಲೆ ಹೋದಂತೆ ಹೋಯಿತು. ಅಜ್ಜಿ ನನ್ನನ್ನು ಹರಸಿದರು. ಬೆಗಾಯಿಮ್ ನೋಟ್‌ಬುಕ್ ತೆರೆದಳು. ಬೆಳ್ಳುಳ್ಳಿ ಹೊಲ ದಾಟುವಾಗ ನೋಡಿದೆ, ಅವಳ ಅಕ್ಷರ ದುಂಡಗೆ, ಸಾಲಾಗಿ ಬರುತ್ತಿತ್ತು. ನನಗೆ ಹೆಮ್ಮೆ. ಮಂಗಳವಾರ ಅವಳು ಬರೆಯುವ ಬದಲು ಹಿಂದಿನ ಪುಟ ತಿರುವಿ ಓದುತ್ತಿದ್ದಳು. ಬುಧವಾರ ಒಂದು ಸಾಲನ್ನು ಹೊಡೆದುಹಾಕಿ, ಅದರ ಮೇಲೆ ಇನ್ನೊಂದು ಬರೆದು, ಅದನ್ನೂ ಹೊಡೆದುಹಾಕಿದಳು. ಗುರುವಾರ ಬರಲಿಲ್ಲ. ಶುಕ್ರವಾರವೂ ಇಲ್ಲ.

ಆ ಖಾಲಿ ಸೀಟಿನ ಬೆಲ್ಟ್ ಅಲುಗಾಡುವುದನ್ನು ನೋಡುತ್ತಾ ಓಡಿಸಿದ ಎರಡು ದಿನ ನನಗೆ ಎರಡು ವರ್ಷ. ಕಾದಂಬರಿ ಮುಗಿದರೆ ಅವಳು ಹೇಗೂ ಬರುವುದು ನಿಲ್ಲಿಸುತ್ತಾಳೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮುಗಿಸದೆ ನಿಲ್ಲಿಸಿದರೆ, ಅದೂ ನನ್ನಿಂದಾಗಿ ನಿಲ್ಲಿಸಿದರೆ, ಅವಳ ಮುಖ ಹೇಗೆ ನೋಡಲಿ?

ಶನಿವಾರ ನನ್ನ ಅಕ್ಕ ನಾಜಿರಾಳ ಮಗಳು ಮೇರಿಮ್‌ಗೆ ದಾರ ಕತ್ತರಿಸುವ ಹಬ್ಬ. ಮಗು ಹೆಜ್ಜೆ ಇಡುವ ಕಾಲಕ್ಕೆ ಎರಡೂ ಕಾಲು ಸೇರಿಸಿ ಕಪ್ಪು ಬಿಳಿ ಉಣ್ಣೆಯ ದಾರ ಕಟ್ಟಿ, ದೂರದಿಂದ ಎಲ್ಲರೂ ಓಡಿಬಂದು, ಮೊದಲು ಮುಟ್ಟಿದವರು ಅದನ್ನು ಕತ್ತರಿಸಬೇಕು. ಕತ್ತರಿಸಿದವರ ಗುಣವೇ ಮಗುವಿನ ನಡಿಗೆಗೆ ಬರುತ್ತದೆ ಎಂದು ನಮ್ಮ ನಂಬಿಕೆ. ನಾನು ಬೆಗಾಯಿಮ್ ಮನೆಯ ಬಾಗಿಲು ತಟ್ಟಿ, ಕ್ಷಮೆ ಕೇಳಲು ಹೋದವನು ಕ್ಷಮೆ ಮರೆತು ಹಬ್ಬಕ್ಕೆ ಕರೆದೆ. ಅವಳ ಕಣ್ಣು ಊದಿತ್ತು. ಆದರೂ ಬಂದಳು.

ಅಂಗಳದಲ್ಲಿ ಬೋರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿಯುವ ವಾಸನೆ, ಅರ್ಧ ಊರು. ಕುಲಿಪಾ ಅಜ್ಜಿ ಆಗಲೇ ಬಂದು ನನ್ನ ಅಮ್ಮನ ಪಕ್ಕ ಕೂತಿದ್ದರು. ಬೆಗಾಯಿಮ್‌ಳನ್ನು ಕಂಡದ್ದೇ ತಡ, ಎಲ್ಲರಿಗೂ ಕೇಳುವಂತೆ ಶುರು ಮಾಡಿದರು.

"ನೋಡೇ, ಹುಡುಗಿ ಕಿವಿ ಬೋಳಾಗಿದೆ. ಪೆಟ್ಟಿಗೆಯಲ್ಲಿ ಸೊಸೆಗೆ ಅಂತ ಬೆಳ್ಳಿ ಓಲೆ ಇಟ್ಕೊಂಡು ಐದು ವರ್ಷದಿಂದ ಕೂತಿದೀಯಲ್ಲ, ಮೊಟ್ಟೆ ಇಡತ್ತೆ ಅಂತಾನಾ?"

ಹುಡುಗನ ತಾಯಿ ಕಿವಿಗೆ ಓಲೆ ಹಾಕಿದರೆ ನಮ್ಮಲ್ಲಿ ಮದುವೆ ಗಟ್ಟಿಯಾದಂತೆ. ನಾನು ಕುರಿಯಂತೆ ನೆಲ ನೋಡಿದೆ. ಬೆಗಾಯಿಮ್ ಮಾತ್ರ ತನ್ನ ಕಿವಿ ಮುಟ್ಟಿಕೊಂಡು, ನನ್ನ ಕಡೆ ಅರೆಕ್ಷಣ ನೋಡಿ, ಮುಖ ತಿರುಗಿಸಿದಳು. ಆ ಅರೆಕ್ಷಣದಲ್ಲಿ ಗುಳಿ ಬಿದ್ದಿತ್ತು, ಆಣೆ ಮಾಡಿ ಹೇಳುತ್ತೇನೆ.

ಹೆಂಗಸರ ಓಟಕ್ಕೆ ಅವಳನ್ನೂ ಎಳೆದು ನಿಲ್ಲಿಸಿದರು. ಅವಳು ಚಪ್ಪಲಿ ಕಳಚಿದಳು. ಎರಡು ದಿನದ ಸಿಟ್ಟನ್ನೆಲ್ಲ ಕಾಲಿಗೆ ತಂದುಕೊಂಡವಳಂತೆ ಓಡಿದಳು, ಹಿಂದೆ ಯಾರಿದ್ದಾರೆಂದು ಒಮ್ಮೆಯೂ ನೋಡಲಿಲ್ಲ. ಎಲ್ಲರಿಗಿಂತ ಮೊದಲು ಮೇರಿಮ್‌ಳನ್ನು ಮುಟ್ಟಿದಳು. ಅಕ್ಕ ಕತ್ತರಿ ಚಾಚಿದಳು. ಬೆಗಾಯಿಮ್ ಕೈ ಹಿಂದಕ್ಕೆ ಎಳೆದುಕೊಂಡಳು.

"ಬೇಡ ಅಕ್ಕಾ. ನಾನು ಯಾವುದನ್ನೂ ಮುಗಿಸಿದವಳಲ್ಲ. ನಾನು ಕತ್ತರಿಸಿದ್ರೆ ನಿಮ್ಮ ಮಗಳೂ ಎಲ್ಲ ದಾರೀನೂ ಅರ್ಧಕ್ಕೇ ಬಿಡ್ತಾಳೆ."

ಅಕ್ಕನ ಮುಖ ಬಿಳಿಚಿಕೊಂಡಿತು, ಇಂಥ ವಿಷಯದಲ್ಲಿ ನಮ್ಮವರು ತಮಾಷೆ ಮಾಡುವುದಿಲ್ಲ. ಆಗ ಕುಲಿಪಾ ಅಜ್ಜಿ ಎದ್ದು ಬಂದು, ಕತ್ತರಿ ಕಿತ್ತುಕೊಂಡು, ಅವಳ ಅಂಗೈಯಲ್ಲಿ ಇಟ್ಟು ಬೆರಳು ಮಡಚಿದರು.

"ಈಗ ಕತ್ತರಿಸು. ಆಮೇಲೆ ಹೋಗಿ ಮುಗಿಸು. ಮಗು ನಿನ್ನ ಇವತ್ತೊಂದೇ ದಿನದ ಗುಣ ತಗೊಳಲ್ಲ. ಹದಿನೈದು ದಿನ ಇದೆ ನಿನಗೆ."

ಬೆಗಾಯಿಮ್ ಮಗುವಿನ ಮುಖವನ್ನೇ ನೋಡಿದಳು. ಮೇರಿಮ್ ಕತ್ತರಿಗೆ ಕೈ ಚಾಚಿ ಕಿಲಕಿಲ ನಗುತ್ತಿದ್ದಳು. ಬೆಗಾಯಿಮ್ ದಾರ ಕತ್ತರಿಸಿದಳು. ಮೇರಿಮ್ ಮೂರು ಹೆಜ್ಜೆ ಸೊಟ್ಟಸೊಟ್ಟಗೆ ಇಟ್ಟು ಧೊಪ್ಪನೆ ಬಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿದ್ದಲ್ಲಿಂದಲೇ ಎದ್ದು ಮತ್ತೆರಡು ಹೆಜ್ಜೆ ಇಟ್ಟಳು, ಮತ್ತೆ ಚಪ್ಪಾಳೆ.

ಬೆಗಾಯಿಮ್ ನನ್ನ ಪಕ್ಕಕ್ಕೆ ಬಂದು ನಿಂತಳು. ಉಸಿರು ಇನ್ನೂ ಏರುತ್ತಿತ್ತು, ಪಾದದ ತುಂಬಾ ಮಣ್ಣು. "ಹೆಜ್ಜೆ ಸೊಟ್ಟ ಇಟ್ಲು ಅಂತ ಯಾರೂ ಅವಳನ್ನ ವಾಪಸ್ ಕರ್ಕೊಂಡು ಹೋಗ್ಲಿಲ್ಲ, ನೋಡಿದ್ರಾ?" ಎಂದಳು.

ನಾನು ಶಾಕ್ ಅಬ್ಸಾರ್ಬರ್ ವಿಷಯ ಬಾಯಿಬಿಟ್ಟೆ. ನಿಮಗೆ ಆರಾಮಾಗಲಿ ಎಂದು ಹಾಕಿಸಿದೆ, ನಾನೇ ಹಾಳು ಮಾಡಿದೆ ಎಂದೆ. ಅವಳು ಮೆಲ್ಲಗೆ ಕೇಳಿದಳು, "ಹಳೇವು ಎಸೆದುಬಿಟ್ರಾ?"

ಎಸೆದಿರಲಿಲ್ಲ. ಭಾನುವಾರ ಗ್ಯಾರೇಜಿನವನು ಹೊಸದನ್ನು ಬಿಚ್ಚಿ ಹಳೆಯದನ್ನು ಹಾಕುತ್ತಾ, ತಲೆಗೆ ಏನಾದರೂ ಪೆಟ್ಟಾಗಿದೆಯಾ ಎಂದು ವಿಚಾರಿಸಿದ. ಹೌದು ಎಂದೆ.

ಸೋಮವಾರದಿಂದ ಪ್ರಯಾಣಿಕರ ಸೊಂಟ ಹಿಡಿದುಕೊಂಡಿತು. ಬೈಯುವವರಿಗೆಲ್ಲ ಅಜ್ಜಿಯೇ ಜವಾಬು ಹೇಳಿದರು: ಇಲ್ಲೊಂದು ಮಗುವಿನ ನಡಿಗೆಯ ಪ್ರಶ್ನೆ ಇದೆ, ತೆಪ್ಪಗೆ ಕೂತುಕೊಳ್ಳಿ. ನಾನು ಹೊಸ ಡಾಂಬರು ಬಿಟ್ಟು ಹಳೆಯ ಸೇತುವೆಯ ದಾರಿ ಹಿಡಿದೆ. ಬೆಗಾಯಿಮ್ ಈಗ ಬೆಳಗಿನದಲ್ಲದೆ ಮಧ್ಯಾಹ್ನದ ಟ್ರಿಪ್ಪಿಗೂ ಬರುತ್ತಿದ್ದಳು. ಅರವತ್ತನೇ ಪುಟ ಎಂದೋ ದಾಟಿತ್ತು. ನೂರು, ನೂರೈವತ್ತು, ಇನ್ನೂರು. ಪುಟ ತಿರುವಿದಾಗೆಲ್ಲ ವ್ಯಾನಿಗೆ ವ್ಯಾನೇ ಉಸಿರು ಹಿಡಿಯುತ್ತಿತ್ತು. ನಾನಂತೂ ಒಳಗೊಳಗೇ ಕುಣಿಯುತ್ತಿದ್ದೆ, ಅದರ ಜೊತೆಗೇ ದಿನ ಎಣಿಸುತ್ತಾ ಅಳುಕುತ್ತಿದ್ದೆ.

ಆಗಸ್ಟ್ ಮೂವತ್ತೊಂದು ಬಂತು. ಅವಳ ಕೊನೆಯ ಟ್ರಿಪ್. ಕಿಜಿಲ್-ಸೂ ಬಿಟ್ಟಾಗಿನಿಂದ ಅವಳು ತಲೆ ಎತ್ತಿರಲಿಲ್ಲ. ಕರಾಕೋಲ್‌ನ ಪಾಪ್ಲರ್ ಮರಗಳು ಕಂಡವು, ನಿಲ್ದಾಣದ ಗೇಟು ಕಂಡಿತು. ನಾನು ಗೇರ್ ಇಳಿಸಿದೆ.

"ನಿಲ್ಲಿಸಬೇಡ," ಎಂದಳು.

ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದಿದ್ದಳು. ನಾನು ಗೇಟು ದಾಟಿ ಮುಂದೆ ಹೋದೆ. ಸೇಬಿನ ವ್ಯಾಪಾರಿ ತನ್ನ ಸ್ಟಾಪ್ ಹೋಯಿತೆಂದು ಕೂಗಿದ. ಅಜ್ಜಿ ಅವನ ಬಾಯಿಗೆ ಒಂದು ಒಣಮೊಸರಿನ ಉಂಡೆ ತುರುಕಿದರು. ಊರಲ್ಲೇ ಅತ್ಯಂತ ಕೆಟ್ಟ ರಸ್ತೆ ದನದ ಸಂತೆಯ ಹಿಂದಿನದು. ಅದರ ಮೇಲೆ ಒಂದು ಸುತ್ತು ಹಾಕಿದೆ, ಎರಡು, ಮೂರು. ಯಾರೂ ಇಳಿಯಲಿಲ್ಲ. ನಾಲ್ಕನೇ ಸುತ್ತಿನಲ್ಲಿ ಅವಳು ಪೆನ್ನಿಗೆ ಮುಚ್ಚಳ ಹಾಕಿದ ಸದ್ದು ಕೇಳಿಸಿತು.

"ಕುದುರೆ?" ಅಜ್ಜಿ ಕೇಳಿದರು.

"ಸಿಕ್ತು ಅಜ್ಜಿ."

ವ್ಯಾಪಾರಿ ಕಣ್ಣೊರೆಸಿಕೊಂಡ. ಕದ್ದವನು ಮೈದುನನಲ್ಲ ಎಂದು ಗೊತ್ತಾದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದ. ಒಬ್ಬೊಬ್ಬರೇ ಅವಳ ಕೈ ಕುಲುಕಿ ಇಳಿದರು. ಅಜ್ಜಿ ಕೊನೆಯವರಾಗಿ ಇಳಿದು, ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು ಹೋದರು.

ವ್ಯಾನಿನಲ್ಲಿ ನಾವಿಬ್ಬರೇ. ನಾಳೆಯಿಂದ ಆ ಸೀಟಿನಲ್ಲಿ ಯಾರು ಎಂದು ಯೋಚಿಸಿದೆ. ಅವಳು ನೋಟ್‌ಬುಕ್ಕಿನ ಮೊದಲ ಹಾಳೆಗಳನ್ನು ತೆರೆದು, ಕಣ್ಣು ಕಿರಿದು ಮಾಡಿ, ನಗತೊಡಗಿದಳು. ಒಂದಕ್ಷರವೂ ತಿಳಿಯುತ್ತಿಲ್ಲ ಎಂದಳು.

ನಾನು ಇಸಿದುಕೊಂಡು ನೋಡಿದೆ. ಅಕ್ಷರ ಹಾರಿದ ಜಾಗವೆಲ್ಲ ನನಗೆ ಗೊತ್ತಿತ್ತು. ಇಲ್ಲಿ ಗೀಟು ಮೇಲಕ್ಕೆ ಹೋಗಿರುವುದು ಸೇತುವೆಯ ಗುಂಡಿ. ಇಲ್ಲಿ ಎಡಕ್ಕೆ ಜಾರಿರುವುದು ಹಸು ಅಡ್ಡ ಬಂದದ್ದು. ಹತ್ತು ವರ್ಷ ಓಡಿಸಿದ ರಸ್ತೆ ಆ ಕಾಗದದ ಮೇಲಿತ್ತು. ಗುಂಡಿಗಳನ್ನು ಪಕ್ಕಕ್ಕಿಟ್ಟು, ತಡವರಿಸುತ್ತಾ ಒಂದು ಸಾಲು ಓದಿದೆ.

"ಆ ಕೈಗಳು... ಹಿಡಿದಿರುವಷ್ಟು ಹೊತ್ತು... ಅವಳಿಗೆ ಯಾವ ದಾರಿಯ ಭಯವೂ ಇರಲಿಲ್ಲ."

ಅವಳ ಮುಖ ಕಿವಿಯವರೆಗೆ ಕೆಂಪಾಯಿತು. ಯಾವಾಗ ಬರೆದದ್ದು ಎಂದು ಕೇಳಿದೆ. ಎರಡನೇ ದಿನ ಎಂದಳು. ನಾನು ಸಿಗರೇಟ್ ಬಿಟ್ಟ ದಿನ.

"ಪೂರ್ತಿ ಬಿಡಿಸಿ ಓದೋಕೆ ಎಷ್ಟು ದಿನ ಬೇಕು ನಿನಗೆ?" ಎಂದಳು.

"ಚಳಿಗಾಲ ಪೂರ್ತಿ ಬೇಕಾಗತ್ತೆ. ಪಕ್ಕದಲ್ಲಿ ನೀನೂ ಕೂತಿರಬೇಕು. ನನಗೆ ನಿನ್ನ ಮೇಲೆ ಪ್ರೀತಿ ಬೆಗಾಯಿಮ್, ನಾಳೆಯಿಂದ ಆ ಸೀಟು ಖಾಲಿ ನೋಡೋಕೆ ನನ್ನ ಕೈಲಾಗಲ್ಲ."

ಅವಳು ಬೆರಳಿನಿಂದ ತನ್ನ ಬೋಳು ಕಿವಿ ಮುಟ್ಟಿಕೊಂಡಳು.

"ನಿಮ್ಮಮ್ಮ ಈಗ ಮನೇಲಿರ್ತಾರಾ?"

ನಾನು ಕೀಲಿ ತಿರುಗಿಸಿದೆ. ಹಳೆಯ ವ್ಯಾನು ಕಿರುಗುಟ್ಟುತ್ತಾ ಹೊರಟಿತು. ಅವಳು ಬೆಲ್ಟ್ ಬಿಗಿದುಕೊಂಡಳು. ನೋಟ್‌ಬುಕ್ ತೆರೆಯದೆ ಅವಳು ನನ್ನ ಪಕ್ಕ ಕೂತು ಬಂದದ್ದು ಅವತ್ತೇ ಮೊದಲು.