ಏಳನೆಯವಳ ಕಣ್ಣು

ಬೆಳಿಗ್ಗೆ ಕಲಾವಿದರು ಕೋಣೆಯ ಬೀಗ ತೆಗೆದಾಗ ಏಳನೆಯವಳು ಕಣ್ಣು ಮುಚ್ಚಿಕೊಂಡಿದ್ದಳು.

ಹಿಂದಿನ ದಿನ ಆ ಕಣ್ಣುಗಳು ತೆರೆದಿದ್ದವು. ನಾಟಕಶಾಲೆಯ ಮೊಗಸಾಲೆಗೆಂದು ಏಳು ಹಳೆಯ ನಾಟಕಗಳ ಏಳು ಹೆಂಗಸರನ್ನು ಅವರು ಬರೆದಿದ್ದರು. ಆರು ಮಂದಿ ಆಗಲೇ ಗೋಡೆ ಏರಿದ್ದರು. ಏಳನೆಯವಳು ನಾಲ್ಕನೇ ಅಂಕದಲ್ಲಿ ನೀರುಪಾಲಾಗುವ ಹುಡುಗಿ. ನೀರಿನಡಿಯಿಂದ ನೋಡುವವರನ್ನೇ ದಿಟ್ಟಿಸುತ್ತಿದ್ದಳು. ಈಗ ಎರಡು ಕಣ್ಣಿಗೂ ಯಾರೋ ರೆಪ್ಪೆ ಎಳೆದಿದ್ದಾರೆ. ಬಣ್ಣ ಇನ್ನೂ ಹಸಿ. ಅನಾವರಣ ಸಂಜೆ ನಾಲ್ಕಕ್ಕೆ!

ನಾಟಕಶಾಲೆಯ ಮ್ಯಾನೇಜರ್ ತಲೆಯ ಮೇಲೆ ಕೈ ಹೊತ್ತು ತನ್ನ ದೊಡ್ಡಮ್ಮನಿಗೆ ಫೋನ್ ಮಾಡಿದ. ದೊಡ್ಡಮ್ಮ ಮೂವತ್ತೊಂದು ವರ್ಷ ಪೊಲೀಸ್ ಕೆಲಸ ಮಾಡಿ ನಿವೃತ್ತಳಾದವಳು. ಈಗ ಮಂಡಿನೋವಿಗೆ ಬಿಟ್ಟರೆ ಇನ್ಯಾರಿಗೂ ಹೆದರುತ್ತಿರಲಿಲ್ಲ. ಬಂದವಳೇ ಒಂದು ಸ್ಟೂಲ್ ಎಳೆದುಕೊಂಡು ಕೂತಳು.

“ಯಾರ ಮೇಲೆ ಅನುಮಾನ?”

“ಅನುಮಾನ ಏನು ಬಂತು? ಇವಳೇ!” ಕಲಾವಿದರು ಮೂಲೆಯಲ್ಲಿ ನಿಂತಿದ್ದ ಸಹಾಯಕಿಯತ್ತ ಬೆರಳು ತೋರಿದರು. “ಮೊನ್ನೆ ತಾನೇ ನನ್ನ ಜೊತೆ ಜಗಳ ಆಡಿದಾಳೆ. ‘ಕಣ್ಣಾದ್ರೂ ಮುಚ್ಚಿಸಿ ಸಾರ್’ ಅಂತ ಇವಳ ಬಾಯಲ್ಲೇ ಬಂದಿದೆ. ಇನ್ನು ಯಾವ ಸ್ಟುಡಿಯೋದವರೂ ಇವಳನ್ನ ಒಳಗೆ ಬಿಟ್ಕೊಳ್ಳಬಾರದು, ಹಾಗೆ ಮಾಡ್ತೀನಿ.”

“ನೀನು ಹಾಗಂದಿದ್ದು ನಿಜಾನಾ?”

“ನಿಜ ಮೇಡಂ.” ಸಹಾಯಕಿ ಮೂಲೆಯಿಂದಲೇ ಹೇಳಿದಳು. “ಆ ಹುಡುಗಿ ಮೂರು ಅಂಕ ಪೂರ್ತಿ ನಗ್ತಾಳೆ. ಅಜ್ಜಿ ಜೊತೆ ಆಟದಲ್ಲಿ ಮೋಸ ಮಾಡಿ ಸಿಕ್ಕಿಬೀಳ್ತಾಳೆ. ಅದನ್ನ ಯಾರೂ ಬರೆಯಲ್ಲ. ಹೊರಗಿರೋ ಆರು ಜನರನ್ನೂ ನೋಡಿ—ಒಬ್ಬಳ ಕೈಯಲ್ಲಿ ವಿಷದ ಬಟ್ಟಲು, ಇನ್ನೊಬ್ಬಳು ಬಾಗಿಲಿಗೆ ತಲೆ ಚಚ್ಚಿಕೊಳ್ತಿದಾಳೆ. ಅದಕ್ಕೇ ಅಂದೆ. ಅಂದೆ ಅಷ್ಟೆ, ಮುಟ್ಟಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು. ಈ ಕೆಲಸ ಹೋದ್ರೆ ನನಗೆ ಬೇರೆ ಕಸುಬು ಗೊತ್ತಿಲ್ಲ.”

“ನಾನಂತೂ ನಿನ್ನೆ ಈ ಕಡೆ ತಲೆನೂ ಹಾಕಿಲ್ಲ!” ಎಂದಳು ಬಾಗಿಲಲ್ಲಿದ್ದ ನಟಿ. ಅವಳನ್ನು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

ದೊಡ್ಡಮ್ಮ ಕನ್ನಡಕದ ಮೇಲಿಂದ ಸುಮ್ಮನೆ ನೋಡಿದಳು.

“ಬಂದಿದ್ದೆ... ಎರಡು ಗಂಟೆಗೆ, ಎರಡೇ ನಿಮಿಷ.” ನಟಿ ಉದ್ದುದ್ದ ಉಗುರುಗಳನ್ನು ಒಂದಕ್ಕೊಂದು ತಿಕ್ಕಿದಳು. “ಆ ಪಾತ್ರ ಎಷ್ಟು ವರ್ಷದಿಂದ ಮಾಡ್ತಿದೀನಿ! ನನ್ನ ಮುಖ ಬರೀತಾರೆ ಅಂದ್ಕೊಂಡಿದ್ದೆ. ನೋಡಿದ್ರೆ ಯಾರದೋ ಮುಖ. ಆಗ ಕಣ್ಣು ತೆರೆದೇ ಇತ್ತು.”

“ನೀವೆಲ್ಲಿದ್ರಿ ಸಾರ್?”

“ಒಂದರಿಂದ ಆರರ ತನಕ ಮೊಗಸಾಲೇಲಿ, ಚಿತ್ರ ತೂಗು ಹಾಕಿಸ್ತಿದ್ದೆ. ಮೊಳೆ, ಹಗ್ಗ ಅಂತ ಇವಳು ಹತ್ತು ಸಲ ಓಡಾಡಿದಾಳೆ. ಆರಕ್ಕೆ ಒಳಗೂ ಬರದೆ ಬೀಗ ಹಾಕಿಕೊಂಡು ಹೋದೆ.”

ದೊಡ್ಡಮ್ಮ ಎದ್ದು, ಚಿತ್ರಕ್ಕೆ ಮೂಗು ತಗಲುವಷ್ಟು ಬಾಗಿದಳು. “ಕೆಲಸ ಹೇಗಿದೆ?”

“ಪಳಗಿದ ಕೈ. ಕುಂಚದ ಒಂದು ಕೂದಲಿನ ಗೆರೆಯೂ ಇಲ್ಲ. ನಾನೇ ಕಲಿಸಿದ್ದಲ್ವಾ!”

ಎಡಗಣ್ಣಿನ ಅಂಚಿನಲ್ಲಿ ಮಾತ್ರ ಬಿಳಿಯ ಎಳೆಯೊಂದು ಉಳಿದಿತ್ತು. ದೊಡ್ಡಮ್ಮ ಅದನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಬಣ್ಣದ ಮೇಜಿನ ಮೇಲೆ, ಕಲೆಸಿಟ್ಟ ಮೈಬಣ್ಣದ ತಟ್ಟೆಯ ಪಕ್ಕ ಇದ್ದ ಊಟದ ಕ್ಯಾರಿಯರ್ ಎತ್ತಿದಳು. ಭಾರವಾಗಿತ್ತು.

“ನಿನ್ನೆ ಊಟ ಮಾಡಲಿಲ್ವಾ?”

“ಬಾಗಿಲಲ್ಲಿ ಕ್ಯಾರಿಯರ್ ಇರಲಿಲ್ಲ. ಬಂದಿಲ್ಲ ಅಂದ್ಕೊಂಡೆ. ಈಗ ಊಟದ ಮಾತು ಯಾಕೆ?”

ಉತ್ತರ ಕೊಟ್ಟವಳು ಸಹಾಯಕಿ. “ದಿನಾ ಸಾರ್ ಮನೆಯ ಅಮ್ಮಾವ್ರು ತಂದು ಹೊಸ್ತಿಲ ಹೊರಗೇ ಇಟ್ಟು ಹೋಗ್ತಾರೆ ಮೇಡಂ. ಹೋದ ವರ್ಷ ಮಗಳು ತೀರಿಕೊಂಡ ಮೇಲೆ ಸಾರ್ ಅಮ್ಮಾವ್ರನ್ನೂ ಒಳಗೆ ಬಿಡಲ್ಲ.”

ದೊಡ್ಡಮ್ಮನಿಗೆ ಅಲ್ಲಿಗೆ ಎಲ್ಲವೂ ತಿಳಿಯಿತು. ಇಂಥ ಹೊತ್ತಿನಲ್ಲಿ ಹಿಂದೆಲ್ಲ ಒಂದು ಹುಮ್ಮಸ್ಸು ಬರುತ್ತಿತ್ತು. ಇಂದು ಬರೀ ಸಂಕಟ. ಹೇಳದೆ ಹೋಗಿಬಿಡೋಣ ಎಂದೂ ಅನ್ನಿಸಿತು. ಆದರೆ ಮೂಲೆಯಲ್ಲಿ ಆ ಹುಡುಗಿ ಇನ್ನೂ ನಿಂತೇ ಇದ್ದಳು.

“ಇವಳಲ್ಲ ಸಾರ್. ಕುಂಚದ ಗೆರೆ ಇಲ್ಲ ಅಂದ್ರಲ್ಲ—ಕುಂಚ ಮುಟ್ಟಿದ್ರೆ ತಾನೇ ಗೆರೆ? ಇದು ಹೆಬ್ಬೆರಳು. ಹುಬ್ಬಿನ ಕೆಳಗಿಂದ ಕೆನ್ನೆ ಕಡೆಗೆ, ಒಂದೇ ಸಲ. ಬಣ್ಣದ ಕೆಲಸ ಕಲಿತವರು ಕುಂಚ ಹಿಡೀತಾರೆ. ನಟಿಯಮ್ಮ ಆಗಿದ್ರೆ ಉಗುರು ಕೆರೆದಿರ್ತಿತ್ತು.”

“ಮತ್ತೆ ಯಾರು? ಇದು ಯಾವ ಸೀಮೆ ರೀತಿ?”

“ನಾನೂ ಮಾಡಿದೀನಿ ಹೀಗೆ. ರಸ್ತೇಲಿ, ಆಸ್ಪತ್ರೇಲಿ, ಕೆರೆ ದಂಡೇಲಿ.” ದೊಡ್ಡಮ್ಮ ಕನ್ನಡಕ ತೆಗೆದಳು. “ಸತ್ತವರ ಕಣ್ಣು ಮುಚ್ಚೋದು ಹೀಗೇ ಸಾರ್. ನಿಮ್ಮ ಮಗಳು ಹೇಗೆ ಹೋದಳು?”

ಕಲಾವಿದರು ಸ್ಟೂಲಿನ ಮೇಲೆ ಕುಸಿದರು.

“ನೀರಲ್ಲಿ,” ಎಂದರು. “ಚಿತ್ರದಲ್ಲಿ ಅವಳ ಮೂಗು ಬದಲಿಸಿದೆ. ಕೂದಲು, ತುಟಿ, ಎಲ್ಲ ಬದಲಿಸಿದೆ, ಯಾರಿಗೂ ಗೊತ್ತಾಗಬಾರದು ಅಂತ. ಕಣ್ಣು ಬದಲಿಸೋಕೆ ಮಾತ್ರ ಆಗಲಿಲ್ಲ.”

“ಗೊತ್ತಾಗೋ ಒಬ್ಬರಿಗೆ ಅಷ್ಟೇ ಸಾಕಾಯ್ತು. ಹೊಸ್ತಿಲ ಹೊರಗಿರಬೇಕಾದ ಕ್ಯಾರಿಯರ್ ಒಳಗೆ ಬಂದಿದೆ ಅಂದ್ರೆ, ತಂದವರೂ ಬಂದಿದಾರೆ.”

“ನಾನೇ.”

ಎಲ್ಲರೂ ತಿರುಗಿದರು. ಕಲಾವಿದರ ಹೆಂಡತಿ ಆ ದಿನದ ಕ್ಯಾರಿಯರ್ ಹಿಡಿದು ಹೊಸ್ತಿಲ ಹೊರಗೇ ನಿಂತಿದ್ದಳು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಮೈಬಣ್ಣ ಹಾಗೇ ಇತ್ತು. ಅದನ್ನು ಮುಚ್ಚಿಡಲು ಅವಳು ನೋಡಲೂ ಇಲ್ಲ.

“ಬಾಗಿಲು ತೆರೆದಿತ್ತು, ಬಂದೆ. ಈ ಹುಡುಗಿ ಮೇಲೆ ಹಾಕ್ತೀರ ಅಂತ ಗೊತ್ತಿದ್ರೆ ರಾತ್ರಿನೇ ಹೇಳ್ತಿದ್ದೆ.” ಅವಳು ಗಂಡನನ್ನೇ ನೋಡುತ್ತಿದ್ದಳು. “ಅವತ್ತು ನಾನು ಬರೋ ಹೊತ್ತಿಗೆ ಬಟ್ಟೆ ಸುತ್ತಿಬಿಟ್ಟಿದ್ರಿ. ನೋಡಬೇಡ ಅಂದ್ರಿ, ನೋಡಲಿಲ್ಲ. ನೀವಾದ್ರೂ ಅವಳ ಕಣ್ಣು ಮುಚ್ಚಿರ್ತೀರ ಅಂತ ಒಂದು ವರ್ಷದಿಂದ ಸಮಾಧಾನ ಮಾಡ್ಕೊಂಡಿದ್ದೆ. ಮುಚ್ಚಿರಲಿಲ್ವಾ?”

“ಕೈ ಬರಲಿಲ್ಲ ಕಣೇ.”

ಮ್ಯಾನೇಜರ್ ಗಡಿಯಾರ ನೋಡಿ ಮೆಲ್ಲಗೆ ಗೊಣಗಿದ. “ಬಣ್ಣ ಹಸಿ ಇದೆ... ಟರ್ಪೆಂಟೈನಲ್ಲಿ ಒರೆಸಿದ್ರೆ ಹೋಗುತ್ತೆ. ನಾಲ್ಕಕ್ಕೆ ಜನ ಬರ್ತಾರೆ.”

ಕಲಾವಿದರು ಎದ್ದು ಬಟ್ಟೆಯ ಚೂರನ್ನು ಕೈಗೆತ್ತಿಕೊಂಡರು. ಚಿತ್ರದ ಮುಂದೆ ನಿಂತರು. ಆಮೇಲೆ ಒರೆಸದೆ ಅದನ್ನು ಸಹಾಯಕಿಯ ಕೈಗೆ ಕೊಟ್ಟುಬಿಟ್ಟರು.

“ತಪ್ಪು ನಂದು ಮಗಳೇ. ನಾಳೆ ಕೆಲಸಕ್ಕೆ ಬಾ. ಆ ಅಜ್ಜಿ ಜೊತೆ ಆಟ ಆಡೋದನ್ನ ನೀನೇ ಬರಿ.”

ಹೆಂಡತಿ ಹೊಸ್ತಿಲು ದಾಟಿ ಅವರ ಪಕ್ಕಕ್ಕೆ ಬಂದಳು. “ಎಡಗಣ್ಣು ಸ್ವಲ್ಪ ಉಳೀತು,” ಎಂದಳು. “ಕೈ ನಡುಗಿತು ನನಗೆ.”

ದೊಡ್ಡಮ್ಮ ಮ್ಯಾನೇಜರನ ತೋಳು ಹಿಡಿದು ಹೊರಕ್ಕೆ ಎಳೆದಳು. ಕಲಾವಿದರು ಮೈಬಣ್ಣದಲ್ಲಿ ಹೆಬ್ಬೆರಳು ಅದ್ದಿ, ಮಗಳ ಹುಬ್ಬಿನ ಕೆಳಗೆ ಇಟ್ಟರು.

“ಮೆಲ್ಲಗೆ,” ಎಂದಳು ಅವಳು.